ಸೋಫಾ ಇನ್ನೂ ಒಣಗಿರಲಿಲ್ಲ

"ಕೂತ್ಕೋಬೇಡಿ" ಅಂದುಬಿಟ್ಟಳು.

ಮೊದಲ ಸಲ ಮನೆಗೆ ಬಂದವನಿಗೆ, ಅದೂ ತಾನೇ ಬಾಯಿಬಿಟ್ಟು ಕರೆದವನಿಗೆ, ಹೇಳುವ ಮಾತೇ ಇದು? ಸೋಫಾದ ಕಡೆ ಅರ್ಧ ಬಗ್ಗಿದ್ದ ಈಜು ಕೋಚ್ ಹಾಗೇ ನೆಟ್ಟಗಾದ. ಕೈಯಲ್ಲಿದ್ದ ಹೂಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಅವಚಿಕೊಂಡ.

"ನಾನು ಬೇಗ ಬಂದ್ನಾ?"

"ಇಲ್ಲ ಇಲ್ಲ, ಸರಿಯಾಗೇ ಬಂದಿದ್ದೀರಿ."

"ಮತ್ತೆ ಹೋಗ್ಲಾ?"

ಅವಳಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಎಂಥ ಸೊಟ್ಟ ಫ್ರೇಮೂ ಅವಳ ಕೈಗೆ ಬಂದರೆ ನೆಟ್ಟಗಾಗುತ್ತದೆ. ಕೋಚ್‌ನ ಫ್ರೇಮ್ ಮಾತ್ರ ಅದೇನು ಶಾಪವೋ, ವಾರ ವಾರ ಸಡಿಲವಾಗುತ್ತಿತ್ತು. ಸ್ಕ್ರೂ ಕಲ್ಲಿನಂತೆ ಬಿಗಿಯಾಗಿರುವುದು ಅವಳಿಗೂ ಗೊತ್ತು. ಆದರೂ ತಿರುಗಿಸಿದಂತೆ ಮಾಡಿ, ಕನ್ನಡಕವನ್ನು ತಾನೇ ಅವನ ಕಿವಿಗೇರಿಸುತ್ತಿದ್ದಳು. ಅಷ್ಟು ಹೊತ್ತು ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು.

"ಈಗ ಚೆನ್ನಾಗಿ ಕಾಣ್ತಿದ್ಯಾ?"

"ತುಂಬಾ ಚೆನ್ನಾಗಿ."

ಅವನು ಗೋಡೆಯ ಮೇಲಿನ ಕಣ್ಣುಪರೀಕ್ಷೆಯ ಅಕ್ಷರಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೋದ ವಾರ, ಬಾಗಿಲವರೆಗೆ ಹೋದವನು ತಿರುಗಿ, "ನಿಮ್ಮ ತಂದೆಯವರನ್ನ ಒಂದ್ಸಲ ನೋಡ್ಬೇಕಿತ್ತು" ಅಂದ. ಅದರ ಅರ್ಥ ತಿಳಿಯದಷ್ಟು ದಡ್ಡಿಯೇನಲ್ಲ ಅವಳು. ಭಾನುವಾರ ಬನ್ನಿ ಅಂದಳು. ಅಂದ ಮೇಲೆ ಸೋಫಾ ನೆನಪಾಯಿತು.

ಅಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಆಪರೇಷನ್ ಆದಮೇಲೆ ಅವರ ದಿನವೆಲ್ಲ ಆ ಸೋಫಾದ ಮೇಲೆಯೇ ಕಳೆಯುತ್ತದೆ. ಕೆಲವು ಸಲ ಬಚ್ಚಲುಮನೆ ತಲುಪುವಷ್ಟು ಪುರುಸೊತ್ತನ್ನು ಮೈ ಕೊಡುವುದಿಲ್ಲ. ಒಮ್ಮೆ ಅವಳ ಗೆಳತಿ ಬಂದವಳು ಅಲ್ಲಿ ಕೂತು, ಮೂಗು ಸಿಂಡರಿಸಿ, ಕಿಟಕಿಯ ಪಕ್ಕದ ಕುರ್ಚಿಗೆ ಎದ್ದುಹೋಗಿದ್ದಳು. ಅಂದಿನಿಂದ ಮನೆಗೆ ಯಾರನ್ನೂ ಕರೆದಿರಲಿಲ್ಲ.

ಆದ್ದರಿಂದ ಬೆಳಿಗ್ಗೆ ಎದ್ದವಳೇ ಅಪ್ಪನನ್ನು ಒಳಗಿನ ಕೋಣೆಗೆ ಕಳಿಸಿ, ಬಕೆಟ್ ತುಂಬ ಸೋಪಿನ ನೀರು ಕಲಸಿ, ಹಟಕ್ಕೆ ಬಿದ್ದವಳಂತೆ ಸೋಫಾ ಉಜ್ಜಿದಳು. ಅದರ ಅಡಿಗೆ ಹೊಲಿದಿದ್ದ ಚೀಟಿಯಲ್ಲಿ ನೆನೆಸಬೇಡಿ ಎಂದಿತ್ತು. ಅದನ್ನು ಓದುವ ತಾಳ್ಮೆ ಯಾರಿಗಿತ್ತು? ನೀರು ಸ್ಪಂಜಿನ ಆಳಕ್ಕಿಳಿಯಿತು. ಮಧ್ಯಾಹ್ನದ ಹೊತ್ತಿಗೆ, ಒಳಗೆಲ್ಲೋ ಸುಮ್ಮನೆ ಮಲಗಿದ್ದ ವಾಸನೆ ಮೈಮುರಿದು ಎದ್ದು ಮನೆಯೆಲ್ಲ ಓಡಾಡತೊಡಗಿತು. ಫ್ಯಾನ್ ಹಾಕಿದರೆ ಇನ್ನೂ ಜೋರು.

ಈಗ ಕೋಚ್‌ನ ಮೂಗಿನ ಹೊಳ್ಳೆಗಳು ಒಂದು ಕ್ಷಣ ಅಲುಗಿದವು. ಅವಳು ನೋಡಿಬಿಟ್ಟಳು.

"ಪಕ್ಕದ್ಮನೆ ಬೆಕ್ಕು" ಎಂದಳು, ಅವನು ಏನೂ ಕೇಳದಿದ್ದರೂ. "ಸೋಫಾ ಮೇಲೆ ಗಲೀಜು ಮಾಡಿ ಹೋಗಿದೆ. ಅದಕ್ಕೇ ತೊಳೆದೆ."

ಹಿಂದಿನಿಂದ ಕೆಮ್ಮು ಕೇಳಿಸಿತು. ಅಪ್ಪ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡಿದ್ದರು.

"ಹೌದಪ್ಪ" ಎಂದರು ನಿಧಾನವಾಗಿ. "ದರಿದ್ರ ಬೆಕ್ಕು. ಎಷ್ಟು ಹೇಳಿದ್ರೂ ಕೇಳಲ್ಲ."

ಅವಳಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಹೊತ್ತು ಸೋಫಾಕ್ಕಾಗಿ ನಾಚಿಕೊಂಡವಳು ಈಗ ತನ್ನ ಬಗ್ಗೆಯೇ ನಾಚಿ ತಲೆತಗ್ಗಿಸಿದಳು.

"ಬೆಕ್ಕಲ್ಲ" ಎಂದಳು. "ಅಪ್ಪಂಗೆ ಆಪರೇಷನ್ ಆಗಿದೆ. ಕೆಲವು ಸಲ ಆಗೋಗುತ್ತೆ. ನೀವು ಏನಂದ್ಕೋತೀರೋ ಅಂತ ಸುಳ್ಳು ಹೇಳ್ದೆ. ಹೋಗೋದಾದ್ರೆ ಹೋಗಿ, ನಾನೇನೂ ತಪ್ಪು ತಿಳಿಯಲ್ಲ."

ಅವನು ಹೂಗಳನ್ನು ಮೇಜಿನ ಮೇಲಿಟ್ಟು ಅಂಗಿಯ ತೋಳು ಮಡಚಿದ. "ಒಣ ಟವೆಲ್ ಇದ್ಯಾ?"

"ಪುಟ್ಟಿ, ಅಷ್ಟು ನೀರು ಸುರೀಬಾರ್ದಿತ್ತು" ಎಂದರು ಅಪ್ಪ, ನೆಲ ನೋಡುತ್ತ. "ಉಜ್ಜಲೂಬಾರ್ದು. ಟವೆಲ್ ಇಟ್ಟು ಒತ್ತಿ ಹೀರಿಸ್ಬೇಕು. ಆಮೇಲೆ ಸ್ವಲ್ಪ ವಿನೆಗರ್ ನೀರು ತಾಗಿಸಿ, ಮತ್ತೆ ಒತ್ತಿ. ಒಣಗಿದ ಮೇಲೆ ಸೋಡಾ ಪುಡಿ ಉದುರಿಸಿ ಬ್ರಶ್ ಮಾಡೋದು."

"ನಿಮಗ್ಯಾರು ಹೇಳಿದ್ರು?"

"ನೀನು ಅಂಗಡಿಗೆ ಹೋದಮೇಲೆ ನಾನು ಮಾಡೋದು ಅದೇ ತಾನೆ."

ದಿನವಿಡೀ ಕೂತಲ್ಲೇ ಇರುತ್ತಾರೆಂದು ಅವಳು ತಿಳಿದಿದ್ದ ಮನುಷ್ಯ, ಅವಳಿಗೆ ಗೊತ್ತಾಗದಿರಲೆಂದು ಮಂಡಿಯೂರಿ ಸೋಫಾ ಒರೆಸುತ್ತಿದ್ದರು. ಅವಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಟವೆಲ್ ತರುವ ನೆಪದಲ್ಲಿ ಒಳಗೆ ಹೋಗಿ ಬೀರುವಿನೊಳಗೆ ತಲೆಯಿಟ್ಟು ಅತ್ತಳು.

ಅವಳೂ ಕೋಚೂ ಸೋಫಾದ ಮುಂದೆ ಕೂತು ಟವೆಲ್ ಒತ್ತಿದರು. ಅವನ ಅಗಲವಾದ ಕೈ ಅವಳ ಕೈಯ ಪಕ್ಕಕ್ಕೆ ಬಂದು ನಿಂತಿತು. ಅವನ ಮೈಯಿಂದ ಈಜುಕೊಳದ ಕ್ಲೋರಿನ್ ವಾಸನೆ ಬರುತ್ತಿತ್ತು.

"ಇದು ಇವತ್ತಿಗೆ ಮುಗಿಯಲ್ಲ" ಎಂದಳು ಮೆಲ್ಲಗೆ. "ನಾಳೆನೂ ಇರುತ್ತೆ, ನಾಳಿದ್ದೂ ಇರುತ್ತೆ. ಯೋಚನೆ ಮಾಡಿ."

"ನಾನು ದಿನಾ ಪುಟ್ಟ ಮಕ್ಕಳ ಜೊತೆ ಕೊಳಕ್ಕೆ ಇಳಿಯೋನು ಕಣ್ರೀ" ಎಂದ ಅವನು. "ಆ ನೀರಲ್ಲಿ ಏನೇನಿರುತ್ತೆ ಅಂತ ಮಾತ್ರ ಕೇಳ್ಬೇಡಿ."

ಅಪ್ಪ ನಕ್ಕರು. ಹೊಟ್ಟೆ ಹಿಡಿದುಕೊಂಡು, ಆಪರೇಷನ್ನಿನ ಹೊಲಿಗೆ ಬಿಚ್ಚೀತು ಅನ್ನುವಷ್ಟು ನಕ್ಕರು. ಆಮೇಲೆ, "ಬನ್ನಿ ಕೋಚ್ ಸಾಹೇಬ್ರೆ, ನನ್ನ ಮಂಚದ ಮೇಲೆ ಕೂತ್ಕೊಳ್ಳಿ, ಅದು ಒಣಗಿದೆ" ಎಂದು ಕರೆದರು. ಅವನು ಹಿಂದುಮುಂದು ನೋಡದೆ ಒಳಗೆ ಹೋಗಿ ಅವರ ಪಕ್ಕದಲ್ಲೇ ಕೂತ.

ಅವಳು ಬಾಗಿಲಲ್ಲಿ ನಿಂತಳು. ಹೇಳಬೇಕಾದದ್ದನ್ನು ಅವನೊಬ್ಬನಿಗೇ ಗುಟ್ಟಾಗಿ ಹೇಳಬಹುದಿತ್ತು. ಆದರೆ ಸುಳ್ಳನ್ನು ಅಪ್ಪನ ಎದುರಿಗೆ ಹೇಳಿದವಳು ನಿಜವನ್ನೂ ಅಪ್ಪನ ಎದುರಿಗೇ ಹೇಳಬೇಕೆನ್ನಿಸಿತು.

"ಅಪ್ಪ, ನಂಗೆ ಇವರಂದ್ರೆ ತುಂಬಾ ಇಷ್ಟ."

ಕೋಚ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಗೊತ್ತು ಕಣೇ" ಎಂದರು ಅಪ್ಪ. "ಇಲ್ದಿದ್ರೆ ನಾನ್ಯಾಕೆ ಬೆಕ್ಕಾಗೋಕೆ ಒಪ್ತಿದ್ದೆ?"