ಸೊರಬದ ಕಡೆ ಮುಖ ಮಾಡಿದ ವಿಮಾನ

"ಹಾಗೆ ಹೋದ್ರೆ ನಾನು ಜನ್ಮದಲ್ಲಿ ಊರು ಮುಟ್ಟಲ್ಲ ಟೀಚರ್!"

ಬಾಗಿಲ ಕಡೆಯಿಂದ ಬಂದ ಆ ಗಂಡಸಿನ ದನಿಗೆ ಶಶಿರೇಖಾಳ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು.

ಶಿರಾಳಕೊಪ್ಪದ ಆ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಎದುರು ಮಾತಾಡುವ ಧೈರ್ಯ ಹೆಡ್‌ಮಾಸ್ಟರಿಗೂ ಇರಲಿಲ್ಲ. ಅವಳು ಆಗಷ್ಟೇ ಮಕ್ಕಳಿಗೆ ಹೇಳಿದ್ದಳು, "ಹತ್ತಿರದ ದಾರಿ ಸರಳರೇಖೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಮುಖ ಮಾಡಿ ಹೊರಟರೆ ಆಯ್ತು."

ಅದನ್ನು ತಪ್ಪು ಅನ್ನಲು ಇವನ್ಯಾರು?

"ಇವರು ಯತೀಶ, ಉಳವಿಯವರು," ಹಿಂದಿನಿಂದ ಹೆಡ್‌ಮಾಸ್ಟರು ಅವಸರದಿಂದ ಹೇಳಿದರು. "ವಿಮಾನ ಹಾರಿಸೋದು ಕಲಿಸ್ತಾರೆ. ಮಕ್ಕಳಿಗೆ ನಾಲ್ಕು ಮಾತು ಹೇಳ್ಲಿ ಅಂತ ಕರೆಸಿದೆ."

"ಹಾಗಾದ್ರೆ ಬೋರ್ಡ್ ಮೇಲೆ ತೋರಿಸಿ ನೋಡೋಣ," ಎಂದು ಶಶಿರೇಖಾ ಮುರಿದ ಸೀಮೆಸುಣ್ಣವನ್ನೇ ಚಾಚಿದಳು.

ಅವನು ನಗುತ್ತಲೇ ತೆಗೆದುಕೊಂಡ. "ಹರಿಯೋ ಹೊಳೆಯಲ್ಲಿ ಈಜುವಾಗ ಎದುರಿನ ಮರಕ್ಕೆ ನೆಟ್ಟಗೆ ಮುಖ ಮಾಡಿದ್ರೆ ಏನಾಗುತ್ತೆ?"

"ನೀರು ಕೆಳಗೆ ಎಳ್ಕೊಂಡು ಹೋಗುತ್ತೆ ಸಾರ್!" ಮಕ್ಕಳು ಕೂಗಿದರು.

"ಗಾಳಿನೂ ಹಾಗೇ. ಅದು ಎಳೆಯೋದಕ್ಕೆ ತಕ್ಕಂತೆ ನಾನು ಗಾಳಿ ಬರೋ ಕಡೆಗೆ ಒಂಚೂರು ಮೂತಿ ತಿರುಗಿಸ್ಬೇಕು. ಆಗ ವಿಮಾನ ಓರೆಯಾಗಿ ಕಾಣುತ್ತೆ, ಹೋಗೋದು ಮಾತ್ರ ನೆಟ್ಟಗೆ." ಒಂದು ಗೆರೆ ವಿಮಾನದ ವೇಗ, ಒಂದು ಗೆರೆ ಗಾಳಿ, ಮೂರನೆಯದು ದಾರಿ. ತ್ರಿಕೋನ ಮುಗಿಯಿತು. "ಎಷ್ಟು ತಿರುಗಿಸ್ಬೇಕು ಅಂತ ಹೇಳೋದು ಮಾತ್ರ ನಿಮ್ಮ ಟೀಚರ್ ಕಲಿಸೋ ತ್ರಿಕೋನಮಿತಿಯ ಸೈನ್!"

ಶಶಿರೇಖಾ ದಂಗಾಗಿ ನಿಂತಳು. ಅವನ ಲೆಕ್ಕ ಸರಿ ಇತ್ತು! ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಇನ್ನೇನೋ ಬಂತು... ಅದಕ್ಕೆ ಯಾವ ಸೂತ್ರವೂ ಇರಲಿಲ್ಲ.

ಆಮೇಲೆ ಏನಾಯಿತು ಅಂತ ಬಿಡಿಸಿ ಹೇಳಬೇಕೇ? ಅವನು ಮೊಬೈಲಿಗೆ ಗಾಳಿಯ ವೇಗ ಕಳಿಸುತ್ತಿದ್ದ, ಅವಳು ಕೋನ ಕಳಿಸುತ್ತಿದ್ದಳು. ಮಳೆಗಾಲ ಬರುವಷ್ಟರಲ್ಲಿ ಲೆಕ್ಕ ಹಿಂದೆ ಬಿದ್ದು ಮಾತೇ ಮುಂದಾಗಿತ್ತು.

ಒಂದು ಸಂಜೆ ಫೋನಿನಲ್ಲಿ ಅವನ ದನಿ ಸಪ್ಪಗಿತ್ತು.

"ಸೊರಬದಲ್ಲಿ ನನ್ನ ಸೋದರಮಾವ ಇದಾರೆ. ಅವರ ಮಗಳು ನಂಗೆ ಅಂತ ತೊಟ್ಟಿಲಲ್ಲೇ ಮಾತಾಗಿದೆ. ಮಾವ ಬಾಯಿ ಬಿಟ್ಟು ಆಗಲಿ ಅನ್ನದೆ ನಮ್ಮನೇಲಿ ಬೇರೆ ಹೆಣ್ಣು ತರಲ್ಲ ಶಶಿ. ಶನಿವಾರ ಹೋಗಿ ಕೇಳ್ತೀನಿ."

ಇಲ್ಲಿ ಅವಳ ಅಪ್ಪ ಭಾನುವಾರವೇ ಗಂಡಿನ ಕಡೆಯವರನ್ನು ಕರೆದಿದ್ದ!

"ಅವರು ಬೇಡ ಅಂದ್ರೆ ಫೋನಲ್ಲಿ ಹೇಳ್ಬೇಡಿ. ಕಿವೀಲಿ ಕೇಳೋ ಶಕ್ತಿ ನಂಗಿಲ್ಲ."

"ಭಾನುವಾರ ಬೆಳಿಗ್ಗೆ ಹುಬ್ಬಳ್ಳಿ ಕಡೆಯಿಂದ ಹಾರಾಟ ಇದೆ. ಅಂಜನಾಪುರ ಡ್ಯಾಮಿನ ನೀರೇ ನಮಗೆ ದಾರಿಯ ಗುರುತು. ಏರಿ ಮೇಲೆ ನಿಂತಿರಿ. ಮಾವ ಒಪ್ಪಿದ್ರೆ ನಿಮ್ಮ ತಲೆ ಮೇಲೇ ಬಂದು ರೆಕ್ಕೆ ಅಲ್ಲಾಡಿಸ್ತೀನಿ. ಇಲ್ಲಾಂದ್ರೆ... ಮೊದಲೇ ಸೊರಬದ ಕಡೆ ತಿರುಗಿಬಿಡ್ತೀನಿ."

ಭಾನುವಾರ ಮೋಡ ಚದುರಿ ಪಡುವಣ ಗಾಳಿ ಸುಯ್ಯೆಂದು ಬೀಸುತ್ತಿತ್ತು. ಏರಿಯ ಮೇಲೆ ಶಶಿರೇಖಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಜೊತೆಗೆ ಕನ್ನಡ ಟೀಚರ್ ಸಂಗೀತ, ಮೊಬೈಲ್ ಎತ್ತಿ ಹಿಡಿದು.

"ಬಂತು ಕಣೇ, ಬಂತು!"

ಉತ್ತರದಲ್ಲಿ ಬಿಳಿ ಚುಕ್ಕೆಯೊಂದು ಕಂಡಿತು. ದೊಡ್ಡದಾಯಿತು. ಈಗ ರೆಕ್ಕೆಗಳು ಕಂಡವು, ಬಾಲ ಕಂಡಿತು, ಮೂತಿ ಕಂಡಿತು...

ಮೂತಿ ಇವಳ ಕಡೆ ಇರಲಿಲ್ಲ! ಪಶ್ಚಿಮಕ್ಕೆ ತಿರುಗಿತ್ತು. ಸೊರಬದ ಕಡೆ!

ಶಶಿರೇಖಾಳಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. 'ಹೋದ... ಹೋಗೇಬಿಟ್ಟ!'

"ನಿಲ್ಲೇ ಶಶಿ, ಇನ್ನೂ ಬರ್ತಾ ಇದೆ!" ಸಂಗೀತ ಕೂಗಿದ್ದು ಗಾಳಿಗೆ ಹಾರಿಹೋಯಿತು. ಶಶಿರೇಖಾ ಆಗಲೇ ಮೆಟ್ಟಿಲಿಳಿದು ಆಟೋ ಹತ್ತಿದ್ದಳು. ಆಟೋದ ಸದ್ದಿನಲ್ಲಿ ಮೇಲಿನ ಸದ್ದು ಕೇಳಿಸಲಿಲ್ಲ, ತಲೆ ಎತ್ತಿ ನೋಡುವ ಮನಸ್ಸೂ ಅವಳಿಗಿರಲಿಲ್ಲ. ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ತುರುಕಿದಳು.

ಶಿಕಾರಿಪುರದ ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು. "ಅವ್ರು ಬರ್ಲಿ ಅಪ್ಪ. ನಂದೇನೂ ತಕರಾರಿಲ್ಲ."

ಇಷ್ಟು ದಿನ ಮೊಂಡು ಹಿಡಿದಿದ್ದ ಮಗಳು ಹೀಗಂದದ್ದಕ್ಕೆ ಕೆಂಪಪ್ಪನೇ ಗಾಬರಿಯಾದ. "ಹುಷಾರಿದೀಯೇನವ್ವಾ?"

ಮಧ್ಯಾಹ್ನ ಗಂಡಿನ ಕಡೆಯವರು ಬಂದರು, ನೋಡಿದರು, ಒಪ್ಪಿದರು. ಕೆಂಪಪ್ಪ ತಾಂಬೂಲದ ತಟ್ಟೆ ಕೈಗೆತ್ತಿಕೊಂಡ. ಅದು ಕೈ ಬದಲಾಯಿಸಿದರೆ ಮುಗಿಯಿತು, ಮಾತು ಹಿಂದಕ್ಕೆ ಬರದು.

ಆಗ ಸಂಗೀತ ಏದುಸಿರು ಬಿಡುತ್ತಾ ಹಿತ್ತಲ ಬಾಗಿಲಿಂದ ನುಗ್ಗಿದಳು.

"ಏನ್ ಹುಡುಗಿನೇ ನೀನು! ಬಸ್ಸು ಸಿಗದೆ ಇಷ್ಟೊತ್ತಾಯ್ತು. ಮೊದ್ಲು ಇದನ್ನ ನೋಡು!"

ಮೊಬೈಲಿನಲ್ಲಿ ಅದೇ ವಿಮಾನ. ಮೂತಿ ಸೊರಬದ ಕಡೆಗೇ ಇತ್ತು. ಆದರೆ ವಿಮಾನ ಸೊರಬಕ್ಕೆ ಹೋಗುತ್ತಿರಲಿಲ್ಲ! ಓರೆಯಾಗಿಯೇ, ಗೆರೆ ಎಳೆದಂತೆ, ನೆಟ್ಟಗೆ ಏರಿಯ ಮೇಲೆ ಬಂದು ರೆಕ್ಕೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿತು. ಅವಳು ನಿಂತಿದ್ದ ಜಾಗ ಮಾತ್ರ ಖಾಲಿ ಇತ್ತು.

ಶಶಿರೇಖಾ ಮೊಬೈಲನ್ನು ಕಿತ್ತುಕೊಂಡಳು. 'ಅಯ್ಯೋ! ಪಡುವಣ ಗಾಳಿ... ಅದಕ್ಕೇ ಪಶ್ಚಿಮಕ್ಕೆ ತಿರುಗಿಸಿದ್ರು! ಈ ತ್ರಿಕೋನಾನ ನಾನೇ ಮಕ್ಕಳ ಕೈಲಿ ಎಷ್ಟು ಸಲ ಬರೆಸಿದ್ದೀನಿ!'

"ಅಪ್ಪಾ, ತಟ್ಟೆ ಕೊಡ್ಬೇಡ!"

ಎಲ್ಲರೂ ಬೆಚ್ಚಿ ತಿರುಗಿದರು. ಅವಳು ನಡುಮನೆಗೆ ಬಂದು ನಿಂತಳು.

"ತಪ್ಪು ನಂದು. ನಿಮ್ಮನ್ನೆಲ್ಲ ಕರೆಸಿ ಅವಮಾನ ಮಾಡಿದ್ದಕ್ಕೆ ಕೈ ಮುಗೀತೀನಿ. ಇನ್ನೊಬ್ಬರು ಮನಸ್ಸಲ್ಲಿದ್ದಾರೆ. ಅವರು ಬರಲ್ಲ ಅಂತ ತಿಳ್ಕೊಂಡು ಒಪ್ಪಿದ್ದೆ... ಅವರು ಬಂದಿದ್ರು."

ಬಂದವರು ಮುಖ ಗಂಟಿಕ್ಕಿ ಎದ್ದು ಹೋದರು. ಕೆಂಪಪ್ಪ ತಟ್ಟೆಯನ್ನು ಕೆಳಗಿಟ್ಟ.

"ಜನದ ಮುಂದೆ ನನ್ನ ಮಾನ ತೆಗೆದಿ," ಅಂದ. "ಆ ಹುಡುಗ ಇವತ್ತು ಈ ಹೊಸಲು ತುಳೀಲಿಲ್ಲ ಅಂದ್ರ, ನಾನು ಹೇಳಿದಂಗೆ ಕೇಳ್ಬೇಕು ನೋಡು."

ಅವಳು ಫೋನ್ ತೆರೆದಳು. ತಪ್ಪಿದ ಕರೆಗಳ ಸಾಲು. ಅವನ ಹೆಸರು ಒತ್ತುವ ಮೊದಲೇ ಬಾಗಿಲಲ್ಲಿ ಕಾರು ನಿಂತಿತು.

ಯತೀಶ ಇಳಿದ. ಅವನ ಹಿಂದೆ ದಪ್ಪ ಮೀಸೆಯ ಹಿರಿಯರೊಬ್ಬರು ಇಳಿದರು. "ನಾನು ಉಚ್ಚಂಗಪ್ಪ, ಸೊರಬ. ಈ ಹುಡುಗನ ಸೋದರಮಾವ."

ಶಶಿರೇಖಾ ಬಾಗಿಲ ಮರೆಗೆ ಸರಿದಳು. ಒಪ್ಪಿಗೆ ಕೊಡಬೇಕಾದ ಮಾವನೇ ಬಂದಿದ್ದಾರೆ!

"ಹಕ್ಕು ಬಿಟ್ಟ ಮಾವನೇ ಮುಂದೆ ನಿಂತು ಹೆಣ್ಣು ಕೇಳ್ಬೇಕು ಮಾರಾಯ್ರೇ, ಅದು ನಮ್ಮ ಪದ್ಧತಿ," ಅವರು ಕೆಂಪಪ್ಪನ ಕೈ ಹಿಡಿದರು. "ನನ್ನ ಮಗಳೇ ಇವನು ಬೇಡ ಅಂದ್ಲು. ಯಾವಾಗ್ಲೂ ಆಕಾಶ ನೋಡ್ತಾನಂತೆ!"

ಕೆಂಪಪ್ಪನ ಗಂಟಿಕ್ಕಿದ ಹುಬ್ಬು ಮೆಲ್ಲಗೆ ಸಡಿಲಾಯಿತು. ಅದೇ ತಟ್ಟೆಗೆ ಹೊಸ ವೀಳ್ಯದೆಲೆ ಬಂತು.

ಹಿತ್ತಲಲ್ಲಿ ಇಬ್ಬರೇ ಸಿಕ್ಕಾಗ ಅವಳ ಕಣ್ಣು ತುಂಬಿತ್ತು.

"ಅಷ್ಟು ಓರೆಯಾಗಿ ಬಂದ್ರೆ ನಂಗೆ ಹೆಂಗ್ರೀ ಗೊತ್ತಾಗ್ಬೇಕು?"

"ನೆಟ್ಟಗೆ ಮುಖ ಮಾಡಿದ್ರೆ ಗಾಳಿ ನನ್ನ ನಿಮ್ಮಿಂದ ದೂರ ತಳ್ತಿತ್ತು ಟೀಚರ್. ಮೇಲಿಂದ ನೋಡಿದ್ರೆ ಏರಿ ಮೇಲೆ ನೀವೇ ಇಲ್ಲ... ನನ್ನ ಜೀವವೇ ಹೋದಂಗಾಯ್ತು."

"ಎಷ್ಟು ತಿರುಗಿಸಿದ್ರಿ?"

"ಗಾಳಿಯ ವೇಗ ಐವತ್ತು, ವಿಮಾನದ್ದು ನೂರೆಪ್ಪತ್ತು. ನೀವೇ ಹೇಳಿ."

ಅವಳು ಕಣ್ಣೊರೆಸಿಕೊಂಡು ಮನಸ್ಸಿನಲ್ಲೇ ಭಾಗಿಸಿದಳು. "ಹದಿನೇಳು ಡಿಗ್ರಿ."

"ಸರಿ ಉತ್ತರ. ಬೆಳಿಗ್ಗೆ ಯಾಕೆ ಹೊಳೀಲಿಲ್ಲ?"

"ಬೆಳಿಗ್ಗೆ ಭಯ ಆಗಿತ್ತು ರೀ." ಅವಳು ಮೊದಲ ಸಲ ಅವನ ಕೈ ಹಿಡಿದಳು. "ಇನ್ಮೇಲೆ ನೀವು ಯಾವ ಕಡೆ ಮುಖ ಮಾಡಿದ್ರೂ... ತಲೆ ಮೇಲೆ ಬರೋವರೆಗೂ ನಿಂತಿರ್ತೀನಿ."