ಕರೆಪೆಟ್ಟಿಗೆಯ ಎರಡನೇ ಸಹಿ

ಜೂನ್ 9, ಬೆಳಿಗ್ಗೆ 10.20. ಅಮೆರಿಕದ ಡುಲೂತ್ ಪೊಲೀಸ್ ಠಾಣೆಗೆ ವರ್ನಾ ಡ್ರೂರಿ ಗಾಲಿಕುರ್ಚಿಯಲ್ಲಿ ಬಂದರು. ಮೂಗಿನಲ್ಲಿ ಆಮ್ಲಜನಕದ ನಳಿಕೆ. ಸಾರ್ಜೆಂಟ್ ಮಾರ್ಲಿಸ್ ಹೌಗೆನ್ ದೂರು ಬರೆದುಕೊಂಡರು.

ಮೇ 30ರ ಮಧ್ಯಾಹ್ನ ವರ್ನಾ ಅವರ ಕಟ್ಟಡಕ್ಕೆ ಬೆಂಕಿ ಬಿದ್ದು ಲಿಫ್ಟ್ ನಿಂತಿತ್ತು. ಇಳಿಯಲಾಗದವರು ಮೆಟ್ಟಿಲ ಬಳಿಯ ಕರೆಪೆಟ್ಟಿಗೆಯ ಗುಂಡಿ ಒತ್ತಬೇಕು. ಕೆಳಗಿನ ಕೋಣೆಯಲ್ಲಿ ಗಂಟೆ ಮೊಳಗಿ, ಅಲ್ಲಿದ್ದವರು ಪೆಟ್ಟಿಗೆಯ ಮೂಲಕವೇ ಓಗೊಟ್ಟು, ಅಗ್ನಿಶಾಮಕದವರನ್ನು ಆ ಮಹಡಿಗೆ ಕಳಿಸಬೇಕು. ಅದು ಪದ್ಧತಿ.

"ಒತ್ತಿದೆ. ಕೆಂಪು ದೀಪ ಹತ್ತಿತು. ನಲವತ್ತೆರಡು ನಿಮಿಷ ಹೊಗೇಲಿ ಕೂತಿದ್ದೆ."

"ಮೊಬೈಲ್ ಇರ್ಲಿಲ್ವಾ?"

"ತೊಡೆ ಮೇಲೇ ಇತ್ತು. ದೀಪ ಹತ್ತಿದೆಯಲ್ಲ, ಬರ್ತಾರೆ ಅಂದ್ಕೊಂಡೆ. ನನ್ನಂಥೋರು ಇನ್ನೂ ಒಂಬತ್ತು ಜನ ಅಲ್ಲೇ ಇದಾರೆ ಮೇಡಂ. ಅವರೂ ಅದೇ ದೀಪಾನ ನಂಬಿದಾರೆ."

11.05ಕ್ಕೆ ಹೌಗೆನ್ ಕಟ್ಟಡಕ್ಕೆ ಹೋದರು. "ಮೊದ್ಲು ಆ ಒಂಬತ್ತು ಮನೆಗೂ ಹೋಗಿ, ಪೆಟ್ಟಿಗೆ ನಂಬಬೇಡಿ, ಫೋನ್ ಮಾಡಿ ಅಂತ ಹೇಳು. ಆಮೇಲೆ ವರ್ನಾ ಇದ್ದ ಐದನೇ ಮಹಡೀಲಿ ಗುಂಡಿ ಒತ್ತು," ಎಂದು ಕಾನ್‌ಸ್ಟೆಬಲ್ ಬೋಲ್ಯೂಗೆ ಹೇಳಿ ತಾವು ಕೆಳಗಿನ ಕೋಣೆಯಲ್ಲಿ ನಿಂತರು.

ಗಂಟೆ ಮೊಳಗಲಿಲ್ಲ. ಬೋಲ್ಯೂನ ಮೊಬೈಲ್ ಕರೆಯೇ ಬಂತು.

"ದೀಪ ಹತ್ತಿದೆ ಮೇಡಂ, ಕೂಗಿ ಕೂಗಿ ಗಂಟಲು ಹೋಯ್ತು. ನನ್ನ ಹೆಂಡ್ತಿಯಾದ್ರೂ ಇಷ್ಟೊತ್ತಿಗೆ ಓಗೊಡ್ತಿದ್ಲು."

ಹೌಗೆನ್ ಕರೆಸಿದ ಮೆಕ್ಯಾನಿಕ್ ಗೋಡೆ ಬಿಚ್ಚಿದ. ಕೆಳಗಿನ ಕೋಣೆಗೆ ಹೋಗುವ ತಂತಿ ಕಿಲುಬು ಹಿಡಿದು ತುಂಡಾಗಿತ್ತು. "ದೀಪಕ್ಕೆ ಬೇರೆ ಕರೆಂಟು, ಹತ್ತುತ್ತೆ. ಇದು ತುಂಡಾಗಿ ಎರಡು ತಿಂಗಳಾದ್ರೂ ಆಗಿದೆ." ಮಹಜರು 12.40ಕ್ಕೆ ಮುಗಿಯಿತು.

ಆದರೆ ಕೆಳಗಿನ ಕೋಣೆಯ ಗೋಡೆಗೆ ತೂಗುಹಾಕಿದ್ದ ಕಾರ್ಡಿನಲ್ಲಿ ತಿಂಗಳ ಪರೀಕ್ಷೆ ಒಂದೂ ತಪ್ಪಿರಲಿಲ್ಲ. ಮೇಲೆ ಒತ್ತಿದವರದೊಂದು ಸಹಿ, ಕೆಳಗೆ ಓಗೊಟ್ಟವರದೊಂದು. ಮಾರ್ಚ್, ಏಪ್ರಿಲ್, ಮೇ: ಎಲ್ಮರ್ ಕೊಸ್ಕೆಲಾ, ಐಲಿ ಕೊಸ್ಕೆಲಾ.

ಎಲ್ಮರ್ ಕಟ್ಟಡದ ಮೇಲ್ವಿಚಾರಕ. ಬೆಂಕಿಯ ದಿನ ಅಗ್ನಿಶಾಮಕದವರಿಗೆ "ಮೇಲಿಂದ ಯಾರೂ ಕರೆದಿಲ್ಲ" ಎಂದಿದ್ದವನು ಅವನೇ. ಒಂದೊಂದೇ ಮಹಡಿ ಹುಡುಕುತ್ತ ಹೋದವರ ಕಣ್ಣಿಗೆ ವರ್ನಾ ಬಿದ್ದದ್ದೇ ಪುಣ್ಯ.

"ಐಲಿ ಯಾರು?" ಹೌಗೆನ್ ಅವನನ್ನು ಕರೆಸಿ ಕೇಳಿದರು.

"ನನ್ನ ಹೆಂಡ್ತಿ."

"ಕರೀರಿ."

"ಫೆಬ್ರವರಿ ಹನ್ನೊಂದಕ್ಕೆ ತೀರಿಹೋದ್ಲು."

"ಮತ್ತೆ ಈ ಮೂರು ಸಹಿ?"

"ನಾನೇ ಹಾಕಿದ್ದು."

1.15ಕ್ಕೆ ಬಂಧಿಸಿದರು: ಸುಳ್ಳು ದಾಖಲೆ, ನಿರ್ಲಕ್ಷ್ಯದಿಂದ ಗಾಯ. ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಹೌಗೆನ್ ಮುಖ ನೋಡಲಿಲ್ಲ.

"ಹತ್ತೊಂಬತ್ತು ವರ್ಷ ನಾನು ಮೇಲೆ ಒತ್ತೋನು, ಅವಳು ಕೆಳಗಿಂದ 'ಕೇಳಿಸ್ತು ಎಲ್ಮರ್, ಕಾಫಿ ಆರ್ತಿದೆ, ಇಳಿದು ಬಾ' ಅನ್ನೋಳು. ಮಾರ್ಚಲ್ಲಿ ಹೋದೆ. ಬೆರಳು ಗುಂಡಿವರೆಗೂ ಹೋಯ್ತು. ಒತ್ತಕ್ಕಾಗ್ಲಿಲ್ಲ."

"ಕೆಳಗೆ ಬೇರೆ ಯಾರನ್ನಾದ್ರೂ ಕೂರಿಸಬಹುದಿತ್ತು."

"ಬೇರೆ ದನಿ ಬರ್ತಿತ್ತಲ್ಲ ಮೇಡಂ."

"ವರ್ನಾ ಒತ್ತಿದಾಗ ಯಾವ ದನಿಯೂ ಬರ್ಲಿಲ್ಲ."

ಎಲ್ಮರ್ ಪೆನ್ನು ತೆಗೆದುಕೊಂಡು ಹೇಳಿಕೆಯ ಕೆಳಗೆ ಸಹಿ ಹಾಕಿದ. ತನ್ನದೊಂದೇ.