ಎಂಟನೇ ನಿಯಮದ ದೂರು

ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ನೀತಿ ಸಮಿತಿಯ ಐವರ ಮೇಜಿನ ಮೇಲೂ ಒಂದೇ ಪತ್ರ. ಟೈಪ್ ಮಾಡಿದ್ದು. ಸಹಿ ಇಲ್ಲ.

'ಸಂಹಿತೆಯ ಕರಡು ಬರೆದವಳೇ ಎಂಟನೇ ನಿಯಮ ಮುರಿದಿದ್ದಾಳೆ. ರೋಗಿಯೊಬ್ಬರ ಗುಟ್ಟನ್ನು ಹೊರಗೆ ಆಡಿದ್ದಾಳೆ.'

ಹನ್ನೊಂದಕ್ಕೆ ಆ ಸಂಹಿತೆಯ ಮೇಲೆ ಮತದಾನ. ವೆಂಟಿಲೇಟರ್ ತೆಗೆಯಬಹುದೇ, ಮೂತ್ರಪಿಂಡ ಯಾರಿಗೆ ಮೊದಲು ಎಂದು ವೈದ್ಯರಿಗೆ ಬುದ್ಧಿ ಹೇಳುವ ನೀತಿ ಸಲಹೆಗಾರರಿಗೆ ತಮ್ಮದೇ ನೀತಿಸಂಹಿತೆ ಇರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಆಸ್ಪತ್ರೆಯೆಲ್ಲ ನಗುತ್ತಿತ್ತು. ಕೊನೆಗೂ ಅದನ್ನು ಬರೆದವಳು ಕಿರಿಯ ಸಲಹೆಗಾರ್ತಿ. ಪತ್ರ ನಿಜವಾದರೆ ಅವಳ ಕೆಲಸವೂ ಹೋಯಿತು, ಮಾನವೂ ಹೋಯಿತು.

ತನಿಖೆಗೆ ಬಂದವಳು ಅವಳ ಅಕ್ಕ. ಹಿಂದೆ ಪೊಲೀಸ್ ಇನ್‌ಸ್ಪೆಕ್ಟರ್, ಈಗ ಆಸ್ಪತ್ರೆಯ ಭದ್ರತಾ ಅಧಿಕಾರಿ. ಸ್ವಂತ ಅಕ್ಕನೇ ಎಂದು ಅಧ್ಯಕ್ಷರು ರಾಗ ಎಳೆದರು. ಅವಳೇ ಆಗಬೇಕೆಂದು ತಂಗಿ ಪಟ್ಟು ಹಿಡಿದಳು.

ಅಕ್ಕ ಪತ್ರ ಓದಿದಳು. ಸುಳ್ಳೇಕೆ, ಒಳಗೊಳಗೇ ಹಿಗ್ಗಿದಳು. 'ತಂಗೀನ ನೋಡಿ ಕಲಿ' ಎಂದು ನಲವತ್ತು ವರ್ಷ ಹೇಳಿದ ಅಮ್ಮ ಈಗ ನೋಡಲಿ!

* * *

ಮೊದಲು ಸಮಿತಿಯ ಸರ್ಜನ್. ಹೋದ ವಾರವಷ್ಟೇ ತಂಗಿಯೊಡನೆ ಕಿತ್ತಾಡಿದ್ದ.

"ಕರಡು ಓದಿದ್ರಾ?"

"ನಂಗೇನು ಬೇರೆ ಕೆಲಸ ಇಲ್ವಾ? ಕೋಪ ಬಂದ್ರೆ ಮುಖಕ್ಕೇ ಹೇಳ್ತೀನಿ ಮೇಡಂ. ಕಳ್ಳಪತ್ರ ಯಾಕೆ ಬರೀಲಿ?"

ಅವನಿಗೆ ಕೊಟ್ಟ ಕರಡು ಡ್ರಾಯರಿನಲ್ಲೇ ಇತ್ತು. ಕವರನ್ನೂ ಒಡೆದಿರಲಿಲ್ಲ. ಅಕ್ಕ ಒಡೆದಳು. ಅದರಲ್ಲಿ ಎಂಟನೇ ನಿಯಮ, ಸಲಹೆಗಾರರು ಓದು ನಿಲ್ಲಿಸಬಾರದು ಎಂದಿತ್ತು. ಗುಟ್ಟಿನ ಮಾತು ಇದ್ದದ್ದು ಏಳನೆಯದರಲ್ಲಿ.

* * *

"ಲೇ, ಗುಟ್ಟಿನ ನಿಯಮ ಏಳೋ ಎಂಟೋ?"

"ಏಳಿತ್ತು ಅಕ್ಕ. ನಿನ್ನೆ ಸಂಜೆ ಗುರುಗಳು ಫೋನ್ ಮಾಡಿ, ಅದಕ್ಕೂ ಮುಂಚೆ ಹೊಸ ನಿಯಮ ಒಂದು ಸೇರಿಸು ಅಂದ್ರು. ಗುಟ್ಟಿಂದು ಎಂಟಾಯ್ತು."

"ಹೊಸದನ್ನ ಯಾರ್ಯಾರಿಗೆ ಕಳಿಸ್ದೆ?"

"ಗುರುಗಳಿಗೆ ಮಾತ್ರ. ಬೇರೆಯವರಿಗೆ ಸಭೇಲಿ ಕೊಡೋದಿತ್ತು." ತಂಗಿಯ ಮುಖ ಬಿಳಿಚಿತು. "ಅವರಲ್ಲ ಬಿಡು. ನಂಗೆ ಕೆಲಸ ಕಲಿಸಿದವರು."

ಗುರುಗಳೆಂದರೆ ಸಮಿತಿಯಲ್ಲೇ ಇದ್ದ ಹಿರಿಯ ಸಲಹೆಗಾರರು.

* * *

ಸಭೆಯಲ್ಲಿ ಅಕ್ಕ ಹಳೇದು, ಹೊಸದು ಎರಡೂ ಕರಡುಗಳನ್ನು ಮೇಜಿನ ಮೇಲಿಟ್ಟು ಗುರುಗಳ ಕಡೆ ತಿರುಗಿದಳು.

"ಎಲ್ಲರ ಕೈಲಿರೋದ್ರಲ್ಲಿ ಗುಟ್ಟು ಏಳನೇದು. ಪತ್ರದಲ್ಲಿ ಎಂಟನೇದು. ಅದು ಎಂಟಾಗಿದೆ ಅಂತ ಗೊತ್ತಿದ್ದೋರು ಇಬ್ಬರೇ ಸರ್. ಅವಳು ಮತ್ತೆ ನೀವು. ತನ್ನ ಮೇಲೆ ತಾನೇ ದೂರು ಬರ್ಕೊಳ್ಳೋಕೆ ಅವಳಿಗೇನು ತಲೆ ಕೆಟ್ಟಿದ್ಯಾ?"

ಗುರುಗಳು ಕನ್ನಡಕ ತೆಗೆದರು.

"ಈ ಸಂಹಿತೇನ ನಾನೇ ಬರೀಬೇಕು ಅಂತ ಇಪ್ಪತ್ತು ವರ್ಷ ಅಂದ್ಕೊಂಡೆ. ಅವಳು ಒಂದೇ ವರ್ಷದಲ್ಲಿ ಮುಗಿಸಿದ್ಲು. ಅದೂ ಚೆನ್ನಾಗಿ. ಹೊಟ್ಟೆ ಉರಿದುಹೋಯ್ತಮ್ಮ. ಅವಳು ಯಾರ ಗುಟ್ಟನ್ನೂ ಆಡಿಲ್ಲ."

ಅಕ್ಕ ಬೈಯದೆ ಕರಡುಗಳನ್ನು ಎತ್ತಿಕೊಂಡಳು. ಆ ಉರಿ ಅವಳಿಗೆ ಹೊಸದಲ್ಲ.

ಗುರುಗಳು ಎದ್ದು ಹೋದರು. ಉಳಿದ ನಾಲ್ಕೂ ಕೈಗಳು ಸಂಹಿತೆಯ ಪರ ಎದ್ದವು, ಸರ್ಜನ್‌ನದೂ ಸೇರಿ.

* * *

ಹೊರಗೆ ಬಂದಾಗ ಅಕ್ಕ ತಂಗಿಯ ಮುಖ ನೋಡಲಿಲ್ಲ.

"ಪತ್ರ ಓದಿದಾಗ, ನಿಜ ಆಗಿದ್ರೆ ಚೆನ್ನಾಗಿತ್ತು ಅನ್ನಿಸ್ತು ಕಣೆ."

"ಗೊತ್ತು. ಅದಕ್ಕೇ ನೀನೇ ಬೇಕು ಅಂತ ಹಟ ಮಾಡಿದ್ದು. ನನ್ನ ತಪ್ಪು ನಿನಗೇ ಸಿಗ್ಲಿಲ್ಲ ಅಂದ್ರೆ, ಇನ್ಯಾರಿಗೂ ಸಿಗಲ್ಲ ಕಣಕ್ಕ."

ಅಕ್ಕ ತಂಗಿಯ ತಲೆಗೊಂದು ಮೊಟಕಿದಳು.

"ಥೂ ನಿನ್ನ! ಇದ್ರಲ್ಲೂ ನೀನೇ ಗೆದ್ಯಲ್ಲೇ!"